ಇನ್‌ಸ್ಪೆಕ್ಷನ್ ದಿನದ ರೋಗಿಗಳು

ಆ ದಿನ ಬೆಳಿಗ್ಗೆ ವಿನೋದಾ ಹೊಟ್ಟೆಗೆ ಏನೂ ಹಾಕಿಕೊಳ್ಳಲಿಲ್ಲ. ರಕ್ತ ಪರೀಕ್ಷೆ ಉಂಟು, ಖಾಲಿ ಹೊಟ್ಟೆಯಲ್ಲೇ ಹೋಗಬೇಕು ಅಂತ ಅವಳ ಲೆಕ್ಕ. ಹಿಂದಿನ ರಾತ್ರಿ ಉಂಡ ಗಂಜಿಯೇ ಕೊನೆ. ಒಂದು ಲೋಟ ಕಪ್ಪು ಚಾ ಕುಡಿದರೂ ಪರೀಕ್ಷೆ ಕೆಟ್ಟೀತು ಎಂದು ಒಲೆಯನ್ನೇ ಹಚ್ಚಲಿಲ್ಲ.

ಅವಳಿಗೆ ಪರೀಕ್ಷೆ ಬೇಕಿತ್ತು. ಬೀಡಿ ಕಟ್ಟಲು ಕುಳಿತರೆ ತಲೆ ತಿರುಗುತ್ತಿತ್ತು. ಮಡಿಲಲ್ಲಿದ್ದ ಮೊರದಂಥ ತಡ್ಪೆ, ಅದರಲ್ಲಿದ್ದ ಎಲೆ, ಹೊಗೆಸೊಪ್ಪು ಎಲ್ಲ ಒಮ್ಮೊಮ್ಮೆ ತೇಲಿದ ಹಾಗೆ ಕಾಣುತ್ತಿತ್ತು. ಅವಳ ಊರಾದ ಉಚ್ಚಿಲದ ಹೆದ್ದಾರಿ ಬದಿಯ ಡಾಕ್ಟರು "ಒಮ್ಮೆ ಎಲ್ಲ ಟೆಸ್ಟ್ ಮಾಡಿಸಿ" ಎಂದು ಹೇಳಿ ವರ್ಷ ಕಳೆದಿತ್ತು. ಟೆಸ್ಟ್ ಮಾಡಿಸುವುದು ಅಂದರೆ ಬೀಡಿ ಕಟ್ಟಿ ಬದುಕುವವಳಿಗೆ ಬಾಯಲ್ಲಿ ಹೇಳಿದಷ್ಟು ಸುಲಭವೇ? ಗಂಡ ಅನ್ನಿಸಿಕೊಂಡವನು ಮಲ್ಪೆಯ ಬೋಟಿಗೆ ಹೋಗಿ ಅಲ್ಲೇ ಬೇರೆ ಸಂಸಾರ ಹೂಡಿದ್ದ. ಅವನ ಹೆಸರನ್ನೂ ಇಲ್ಲಿ ಹೇಳುವುದು ಬೇಡ, ಅಷ್ಟು ಮರ್ಯಾದೆ ಅವನಿಗೆ ಯಾಕೆ?

ಇರುವುದು ಒಬ್ಬಳೇ ಮಗಳು, ಆಶ್ರಿತಾ. ಶಿರ್ವ ದಾಟಿ ಕಾರ್ಕಳದ ಕಡೆ ಹೋದರೆ ಗುಡ್ಡದ ಮೇಲೆ ಒಂದು ನರ್ಸಿಂಗ್ ಕಾಲೇಜು ಉಂಟು. ಅಲ್ಲಿಯ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ರಜೆಗೆ ಬಂದಾಗ ತಾಯಿಯ ಎದುರು ಕುಳಿತು ಪಾಠ ಬಾಯಿಪಾಠ ಮಾಡುತ್ತಿದ್ದಳು. ಸರಿಯಾದ ರೋಗಿ, ಸರಿಯಾದ ಮದ್ದು, ಸರಿಯಾದ ಪ್ರಮಾಣ, ಸರಿಯಾದ ಹೊತ್ತು, ಸರಿಯಾದ ದಾರಿ. "ಅಮ್ಮ, ರೋಗಿಯ ಹೆಸರು ನಾವು ಹೇಳ್ಬಾರ್ದು. ಅವರ ಬಾಯಲ್ಲೇ ಹೇಳಿಸ್ಬೇಕು" ಎಂದು ತಾಯಿಗೇ ಪಾಠ ಮಾಡುತ್ತಿದ್ದಳು. ವಿನೋದಾ ನೂಲು ಸುತ್ತುತ್ತಾ ಹೂಂಗುಟ್ಟುತ್ತಿದ್ದಳು. ಕೇಳಿ ಕೇಳಿ ಅವಳಿಗೂ ಅರ್ಧ ಪಾಠ ಬಾಯಿಗೆ ಬಂದಿತ್ತು.

ಆ ಕಾಲೇಜಿನಿಂದ ಫೋನು ಬಂದಿತ್ತು. ಉಚಿತ ಆರೋಗ್ಯ ಶಿಬಿರ, ಮಕ್ಕಳ ಮನೆಯವರಿಗೆ ವಿಶೇಷ ತಪಾಸಣೆ, ಬಸ್ಸು ನಾವೇ ಕಳಿಸುತ್ತೇವೆ, ಬರಲೇಬೇಕು. ಆಮೇಲೆ ಮಗಳದ್ದೂ ಫೋನು ಬಂತು. "ಅಮ್ಮ, ನಿನಗೆ ಆಗದಿದ್ರೆ ಬರ್ಬೇಡ" ಅಂದಳು. ದನಿ ಸಪ್ಪಗಿತ್ತು.

"ಯಾಕೆ ಬರ್ಬಾರ್ದು? ಟೆಸ್ಟ್ ಮಾಡಿಸುವ ಅಂತ ಎಷ್ಟು ಸಮಯದಿಂದ ಕಾದಿದ್ದೇನೆ ನಾನು."

ಮಗಳು ಏನೋ ಹೇಳಲು ಹೊರಟು ಸುಮ್ಮನಾದಳು. ಹಿಂದೆ ಯಾರೋ ನಿಂತಿದ್ದಿರಬೇಕು.

ಬಸ್ಸು ಹೆಂಗಸರಿಂದ ತುಂಬಿತ್ತು. ಕಾಪುವಿನವರು, ಪಡುಬಿದ್ರಿಯವರು, ಮೀನು ಮಾರುವವರು, ಬೀಡಿಯವರು, ಯಾರದೋ ಮನೆಯ ಪಾತ್ರೆ ತಿಕ್ಕುವವರು. ಶಿರ್ವದಲ್ಲಿ ಐರಿನ್ ಬಾಯಿ ಹತ್ತಿ ವಿನೋದಾಳ ಪಕ್ಕ ಕುಳಿತಳು. ಗಲ್ಫಿನ ದುಡ್ಡಿನ ದೊಡ್ಡ ಮನೆಯೊಂದರಲ್ಲಿ ಅಡುಗೆ ಕೆಲಸ ಅವಳದ್ದು. ಅವಳ ಮಗಳೂ ಅದೇ ಕಾಲೇಜು. ಎಲ್ಲರಿಗೂ ಉಪ್ಪಿಟ್ಟಿನ ಪೊಟ್ಟಣ ಕೊಟ್ಟರು. ವಿನೋದಾ ಅದನ್ನು ಚೀಲಕ್ಕೆ ಹಾಕಿದಳು.

"ತಿನ್ನುದಿಲ್ವಾ ವಿನೋದಕ್ಕ?"

"ರಕ್ತ ತೆಗೆದ ಮೇಲೆ ತಿಂತೇನೆ ಬಾಯಿ."

"ನನಗೆ ಸಕ್ಕರೆ ಕಾಯಿಲೆ ಮಾರಾಯ್ತಿ, ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ಮುಗೀತು ಕತೆ" ಎಂದು ಐರಿನ್ ಬಾಯಿ ಎರಡು ಪೊಟ್ಟಣವನ್ನೂ ತಾನೇ ತಿಂದವಳ ಹಾಗೆ ತೇಗಿದಳು. ಇಬ್ಬರೂ ನಕ್ಕರು.

ಕಾಲೇಜಿನವರು ಆಸ್ಪತ್ರೆ ಅಂತ ಕರೆದದ್ದನ್ನು ಹೊರಗಿನಿಂದ ನೋಡಿದರೆ ಕಣ್ಣು ಕೋರೈಸಬೇಕು. ಬಾಗಿಲಲ್ಲೇ ಎಲ್ಲರ ಚೀಲ, ಚಪ್ಪಲಿ ತೆಗೆದುಕೊಂಡು ಒಂದು ಕೋಣೆಯೊಳಗೆ ಹಾಕಿ ಬೀಗ ಜಡಿದರು. ಆಮೇಲೆ ಎಲ್ಲರಿಗೂ ನೀಲಿ ಅಂಗಿ, ಮಣಿಕಟ್ಟಿಗೆ ಹೆಸರು ಬರೆದ ಒಂದು ಪಟ್ಟಿ. ವಾರ್ಡಿನಲ್ಲಿ ಸಾಲು ಸಾಲು ಮಂಚ, ಹೊಸ ಹಾಸಿಗೆ. ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರಲಿಲ್ಲ. ರೋಗಿಯ ಸುರಕ್ಷತೆ ನಮ್ಮ ಹೊಣೆ ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಕಪಾಟಿನ ತುಂಬ ಮದ್ದಿನ ಪೆಟ್ಟಿಗೆಗಳು. ಫ್ಯಾನಿನ ಗಾಳಿಗೆ ಒಂದು ಪೆಟ್ಟಿಗೆ ಉರುಳಿ ಬಿತ್ತು. ಅದರೊಳಗೆ ಏನೂ ಇರಲಿಲ್ಲ.

ನಳಿನಾಕ್ಷಿ ಮೇಡಂ ಬಂದರು. ಅವರು ಅಲ್ಲಿಯ ಹಿರಿಯ ಟೀಚರು, ವಾರ್ಡಿನ ಯಜಮಾನಿಕೆಯೂ ಅವರದ್ದೇ. ಕೈ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು.

"ನೋಡಿ ಅಮ್ಮಂದಿರೇ, ಬೆಂಗಳೂರಿನಿಂದ ಇನ್‌ಸ್ಪೆಕ್ಷನ್‌ನವರು ಬರ್ತಾರೆ. ವಾರ್ಡಿನಲ್ಲಿ ರೋಗಿಗಳು ಇಲ್ಲದಿದ್ರೆ ಕಾಲೇಜಿನ ಮಾನ್ಯತೆ ಹೋಗ್ತದೆ. ಮಾನ್ಯತೆ ಹೋದ್ರೆ ನಿಮ್ಮ ಮಕ್ಕಳು ಓದಿದ್ದೆಲ್ಲ ನೀರಿನಲ್ಲಿ ಹೋಮ. ಕೈಯಲ್ಲಿ ಕಟ್ಟಿದ ಪಟ್ಟಿಯಲ್ಲಿ ಒಂದು ಹೆಸರುಂಟು. ಯಾರು ಕೇಳಿದ್ರೂ ಅದೇ ಹೆಸರು ಹೇಳ್ಬೇಕು. ನಿಮ್ಮ ಮಕ್ಕಳು ವಾರ್ಡಿಗೆ ಬಂದ್ರೆ ಗುರುತು ತೋರಿಸ್ಬಾರ್ದು. ಗೊತ್ತಾಯ್ತಾ?"

"ರಕ್ತ ಪರೀಕ್ಷೆ ಯಾವಾಗ ಮೇಡಂ?" ವಿನೋದಾ ಕೇಳಿದಳು.

"ಅದೆಲ್ಲ ಆಮೇಲೆ ಅಮ್ಮ."

ವಿನೋದಾಳಿಗೆ ಈಗ ಗೊತ್ತಾಯಿತು. ಇದು ಶಿಬಿರವೂ ಅಲ್ಲ, ತಪಾಸಣೆಯೂ ಅಲ್ಲ. ಯಕ್ಷಗಾನಕ್ಕೆ ಬಣ್ಣ ಹಚ್ಚಿದ ಹಾಗೆ ತಮಗೆಲ್ಲ ಕಾಯಿಲೆ ಹಚ್ಚಿದ್ದಾರೆ. ಎದ್ದು ಹೋಗುವ ಅನ್ನಿಸಿತು. ಆದರೆ ಎಲ್ಲಿಗೆ? ಮಗಳ ಹತ್ತನೆಯ, ಪಿಯುಸಿಯ ಅಸಲಿ ಅಂಕಪಟ್ಟಿಗಳೆಲ್ಲ ಅವಳು ಸೇರಿದ ದಿನವೇ ಕಾಲೇಜಿನವರ ಕಪಾಟು ಸೇರಿದ್ದವು. ಅಂಗೈಯಲ್ಲಿ ಮಗಳ ಬಾಳನ್ನೇ ಹಿಡಿದುಕೊಂಡವರ ಹತ್ತಿರ ಬೀಡಿಯವಳು ಎಂತ ಜಗಳ ಮಾಡುವುದು? ಮಲಗಿದಳು. ಪಟ್ಟಿ ಓದಿದಳು. ಗಿರಿಜಾ ಮೂಲ್ಯ. ಸಕ್ಕರೆ ಕಾಯಿಲೆ. ಪಕ್ಕದ ಮಂಚದಲ್ಲಿ ಐರಿನ್ ಬಾಯಿ ತನ್ನ ಪಟ್ಟಿ ತೋರಿಸಿ ಮೆಲ್ಲಗೆ ನಕ್ಕಳು. "ನಿಜವಾದ ಸಕ್ಕರೆಯವಳಿಗೆ ಮೂಳೆ ಮುರಿತವಂತೆ ನೋಡು!"

ಇನ್‌ಸ್ಪೆಕ್ಷನ್‌ನವರು ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಇಬ್ಬರು. ಒಬ್ಬರು ಮಾತೇ ಆಡಲಿಲ್ಲ, ಮೊಬೈಲ್ ನೋಡುತ್ತಾ ನಿಂತರು. ಇನ್ನೊಬ್ಬರು ಕನ್ನಡಕದವರು, ಅವರದ್ದೇ ದರ್ಬಾರು. ಹಿಂದೆ ಆಡಳಿತಾಧಿಕಾರಿ ದೇವದಾಸ ನಗುಮುಖ ಹೊತ್ತುಕೊಂಡು ಬಂದ. ಅವನ ಹಿಂದೆ ನಳಿನಾಕ್ಷಿ ಮೇಡಂ. ಎಲ್ಲರ ಹಿಂದೆ ಬಿಳಿ ಸಮವಸ್ತ್ರದಲ್ಲಿ ಆಶ್ರಿತಾ. ಮಗಳನ್ನು ಆ ಉಡುಪಿನಲ್ಲಿ ವಿನೋದಾ ನೋಡಿದ್ದು ಅದೇ ಮೊದಲು. ಎಷ್ಟು ಚೆಂದ ಕಂಡಳು! ಎಲ್ಲ ಸಿಟ್ಟೂ ಮರೆತುಹೋಯಿತು. ಗುರುತು ತೋರಿಸಬಾರದಲ್ಲ, ಮುಖ ಗೋಡೆಗೆ ತಿರುಗಿಸಿದಳು.

ಕನ್ನಡಕದವರು ಸಾಲು ದಾಟಿ ಬಂದು ವಿನೋದಾಳ ಮಂಚದ ಬಳಿಯೇ ನಿಂತರು. ಕಾಲಬುಡದ ಚಾರ್ಟು ಎತ್ತಿ ಓದಿದರು.

"ಬೆಳಿಗ್ಗೆ ಶುಗರ್ ಮುನ್ನೂರು ದಾಟಿದೆ. ಊಟದ ಹೊತ್ತಾಯ್ತು, ಇನ್ಸುಲಿನ್ ಇನ್ನೂ ಕೊಟ್ಟಿಲ್ಲ? ಯಾರಮ್ಮ ಸ್ಟೂಡೆಂಟು? ನೀನಾ? ಕೊಡು ನೋಡೋಣ."

ಆಶ್ರಿತಾ ಮಂಚದ ಮೇಲಿದ್ದವಳನ್ನು ನೋಡಿದಳು. ತಾಯಿ. ನಳಿನಾಕ್ಷಿ ಮೇಡಂ ಕಡೆ ನೋಡಿದಳು. ಮೇಡಮ್ಮಿಗೂ ಇದು ಬಯಸಿ ಬಂದದ್ದಲ್ಲ. ಅವರಿಗೂ ಮನೆಯುಂಟು, ಮಕ್ಕಳುಂಟು, ದೇವದಾಸನ ಭಯವುಂಟು. ಕಣ್ಣಿನಲ್ಲೇ ಹೂಂ ಎಂದರು. ಮಂಚದ ಬದಿಗೆ ತೋರಿಕೆಗೆ ಇಟ್ಟ ಮದ್ದಿನ ಟ್ರೇಯಲ್ಲಿ ಎಲ್ಲ ಸುಳ್ಳಾದರೂ ಇನ್ಸುಲಿನ್ ಮಾತ್ರ ನಿಜದ್ದಿತ್ತು. ಹಿಂದೊಮ್ಮೆ ಖಾಲಿ ಬಾಟಲಿ ಇಟ್ಟು ಸಿಕ್ಕಿಬಿದ್ದಿದ್ದರಂತೆ.

ಹುಡುಗಿ ಕೈ ತೊಳೆದಳು. ತೊಳೆದದ್ದನ್ನೇ ತೊಳೆದಳು. ಆಮೇಲೆ ಮೆಲ್ಲಗೆ, "ಸರ್, ಕೊಡುವ ಮೊದಲು ಒಮ್ಮೆ ಸಕ್ಕರೆ ನೋಡ್ಬೇಕು" ಅಂದಳು.

"ವೆರಿ ಗುಡ್. ನೋಡು ಮತ್ತೆ."

ನೋಡುವ ಯಂತ್ರ ಇತ್ತು, ಅದಕ್ಕೆ ಹಾಕುವ ಪಟ್ಟಿಯ ಡಬ್ಬಿ ಖಾಲಿ. ನಳಿನಾಕ್ಷಿ ಮೇಡಂ ತಟ್ಟನೆ, "ಈಗಷ್ಟೇ ನೋಡಿಯಾಯ್ತು ಸರ್, ಚಾರ್ಟಿನಲ್ಲಿ ಬರೆದದ್ದುಂಟು" ಎಂದುಬಿಟ್ಟರು.

"ಹಾಗಾದ್ರೆ ಮುಂದುವರಿಸು."

ಇನ್ನು ಉಳಿದದ್ದು ಒಂದೇ. ಆಶ್ರಿತಾ ಹತ್ತಿರ ಬಂದು ಬಗ್ಗಿದಳು. ಕಣ್ಣಲ್ಲಿ ನೀರು ಆಡುತ್ತಿತ್ತು. "ನಿಮ್ಮ ಹೆಸರು ಹೇಳಿ" ಅಂದಳು.

ಹೆತ್ತ ಮಗಳು ತಾಯಿಯ ಹೆಸರು ಕೇಳುತ್ತಿದ್ದಾಳೆ! ವಿನೋದಾಳಿಗೆ ಆ ಕ್ಷಣದಲ್ಲಿ ಮಗಳ ಮನಸ್ಸು ಕನ್ನಡಿಯ ಹಾಗೆ ಕಂಡಿತು. ಹೇಳಮ್ಮ, ನಾನು ವಿನೋದಾ ಅಂತ ಹೇಳಿಬಿಡು, ಎಲ್ಲ ನಿಂತುಹೋಗಲಿ ಎಂದು ಆ ಕಣ್ಣು ಬೇಡುತ್ತಿತ್ತು. ಹೇಳಿದರೆ ಏನಾಗುತ್ತದೆ? ಕಾಲೇಜು ಮುಳುಗುತ್ತದೆ. ಮಗಳು ಮುಳುಗುತ್ತಾಳೆ. ನಾಳೆ ಅವಳೂ ತನ್ನ ಪಕ್ಕ ಚಾಪೆ ಹಾಕಿ ಕುಳಿತು ಎಲೆ ಕತ್ತರಿಸುತ್ತಾಳೆ. ಒಂದು ಸೂಜಿ ಚುಚ್ಚಿದರೆ ಏನು ಮಹಾ? ಬದುಕಿಡೀ ಚುಚ್ಚಿಸಿಕೊಂಡದ್ದೇ ಅಲ್ಲವೇ?

"ಗಿರಿಜಾ ಮೂಲ್ಯ" ಅಂದಳು. ದನಿ ನಡುಗಲಿಲ್ಲ.

"ತಿಂಡಿ... ತಿಂಡಿ ತಿಂದಿದ್ದೀರಾ?"

ಇಲ್ಲ ಅಂದರೆ ಮತ್ತೇನು ತೊಡಕಾಗುತ್ತದೋ. "ಹೂಂ ಸಿಸ್ಟರ್, ಉಪ್ಪಿಟ್ಟು ತಿಂದೆ" ಎಂದು ವಿನೋದಾ ತೋಳು ಚಾಚಿದಳು. ಪಕ್ಕದ ಮಂಚದಲ್ಲಿ ಐರಿನ್ ಬಾಯಿ "ಏಸುವೇ" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಅವಳ ಮಗಳ ಅಂಕಪಟ್ಟಿಯೂ ಅದೇ ಕಪಾಟಿನಲ್ಲಿತ್ತು.

ಬಸ್ಸಿನಲ್ಲಿ ಎಲ್ಲರಿಗೂ ಉಪ್ಪಿಟ್ಟು ಕೊಟ್ಟದ್ದು ಆಶ್ರಿತಾಳಿಗೆ ಗೊತ್ತಿತ್ತು. ಅಮ್ಮ ತಿಂದಿದ್ದಾಳೆ, ಇವರು ಆ ಕಡೆ ಹೋದ ಕೂಡಲೇ ಸಕ್ಕರೆ ನೀರು ಕುಡಿಸಿದರೆ ಏನೂ ಆಗುವುದಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ಹಾಗಂತ ಆಮೇಲೆ ಅವಳೇ ಅತ್ತು ಹೇಳಿದ್ದು. ಚಾರ್ಟಿನಲ್ಲಿ ಬರೆದಷ್ಟನ್ನು ಎಳೆದಳು, ಕನ್ನಡಕದವರಿಗೆ ತೋರಿಸಿದಳು, ಚುಚ್ಚಿದಳು.

"ಪರ್ಫೆಕ್ಟ್! ಒಂದೂ ತಪ್ಪಿಲ್ಲ. ಇಂಥ ಹುಡುಗಿಯರೇ ಬೇಕು ನಮ್ಗೆ. ಬಾಮ್ಮ ನನ್ ಜೊತೆ, ಲ್ಯಾಬ್ ತೋರ್ಸು, ಒಂದೆರಡು ಪ್ರಶ್ನೆ ಕೇಳ್ತೀನಿ."

"ಸರ್, ಒಂದು ನಿಮಿಷ, ಪೇಶೆಂಟಿಗೆ..."

"ನಾನು ನೋಡಿಕೊಳ್ತೇನೆ, ನೀನು ಹೋಗು" ಎಂದರು ನಳಿನಾಕ್ಷಿ ಮೇಡಂ. ದೇವದಾಸ ಹುಬ್ಬು ಹಾರಿಸಿದ್ದೇ ಅವರೂ ಹಿಂದೆಯೇ ಓಡಬೇಕಾಯಿತು. ಬಾಗಿಲ ಬಳಿಯ ಆಯಾಳಿಗೆ "ಹದಿನಾರನೇ ಮಂಚಕ್ಕೆ ಚಾ ಕೊಡು" ಎಂದು ಹೇಳಿ ಹೋದರು. ಆಯಾಳನ್ನು ಆಗಲೇ ಊಟ ಬಡಿಸಲು ಕರೆದಾಗಿತ್ತು.

ಸ್ವಲ್ಪ ಹೊತ್ತಿನಲ್ಲಿ ವಿನೋದಾಳಿಗೆ ಬೆವರು ಹತ್ತಿತು. ಅಂಗಿ ಒದ್ದೆಯಾಯಿತು. ಕೈ ನಡುಗಿತು. ಬೀಡಿ ಕಟ್ಟುವಾಗ ಬರುತ್ತಿದ್ದ ತಲೆತಿರುಗು ಇದರ ಮುಂದೆ ಏನೂ ಅಲ್ಲ. "ಬಾಯಿ, ನನಗೆ ಎಂತದೋ ಆಗ್ತದೆ" ಅಂದಳು. ನಾಲಗೆ ತೊದಲಿತು. ಫ್ಯಾನು ಕೆಳಗಿಳಿದು ಬಂದ ಹಾಗೆ ಕಂಡಿತು. ಅಷ್ಟೇ ಅವಳಿಗೆ ನೆನಪಿರುವುದು.

ಮುಂದಿನದ್ದು ಐರಿನ್ ಬಾಯಿ ಕಂಡದ್ದು. ಅವಳು ಮಂಚದಿಂದ ಹಾರಿ ಬಾಗಿಲಿಗೆ ಓಡಿದಳು. ಹೊರಗಿನಿಂದ ಚಿಲಕ ಹಾಕಿತ್ತು. ಬಡಿದಳು. "ಸಕ್ಕರೆ ಕೊಡಿ! ಯಾರಾದ್ರೂ ಸಕ್ಕರೆ ಕೊಡಿ ಮಾರ್ರೆ, ಹೆಂಗಸು ಸಾಯ್ತಾಳೆ!" ಅವಳ ಚೀಲದಲ್ಲಿ ಯಾವಾಗಲೂ ಚಾಕಲೇಟು ಇರುತ್ತಿತ್ತು. ಚೀಲ ಬೀಗದೊಳಗೆ. ಬೇರೆ ಹೆಂಗಸರೂ ಎದ್ದು ಕಪಾಟಿನ ಪೆಟ್ಟಿಗೆಗಳನ್ನು ಎಳೆದು ಹಾಕಿದರು. ಗ್ಲೂಕೋಸು ಎಂದು ಬರೆದ ಪೆಟ್ಟಿಗೆ ಬೇಕಾದಷ್ಟಿತ್ತು. ಎಲ್ಲ ಬರೀ ರಟ್ಟು.

ಸದ್ದಿಗೆ ನಳಿನಾಕ್ಷಿ ಮೇಡಂ ಬಂದರು. ನೋಡಿ ಗಾಬರಿಯಾದರು. ಕೆಳಗಿನ ಔಷಧಿ ಅಂಗಡಿಯಲ್ಲಿ ನಿಜವಾದ ಗ್ಲೂಕೋಸು ಉಂಟು, ಆದರೆ ಅಲ್ಲಿಗೆ ಹೋಗಬೇಕಾದರೆ ಊಟದ ಹಾಲ್ ದಾಟಬೇಕು. ಹಾಲಿನಲ್ಲಿ ಇನ್‌ಸ್ಪೆಕ್ಷನ್‌ನವರು ಕೋಳಿಸಾರಿನ ಕೋರಿ ರೊಟ್ಟಿಗೆ ಕುಳಿತಿದ್ದರು, ಒಲೆಯ ಮೇಲೆ ಅಂಜಲ್ ಮೀನು ಹುರಿಯುತ್ತಿತ್ತು. ದೇವದಾಸನಿಗೆ ಫೋನು ಮಾಡಿದರು. ಫೋನಿನಲ್ಲಿ ಅವನು ಹೇಳಿದ್ದು ಐರಿನ್ ಬಾಯಿಗೂ ಕೇಳಿಸಿತು. "ಈಗ ಯಾರೂ ಓಡಾಡ್ಬಾರ್ದು. ಅವರು ಕೈ ತೊಳೆಯುವವರೆಗೆ ಸ್ಕ್ರೀನು ಎಳೆದಿಡಿ."

ಎಳೆದಿಟ್ಟರು. ಹಸಿರು ಬಟ್ಟೆಯ ಹಿಂದೆ ವಿನೋದಾಳ ಕೈಕಾಲು ಸೆಟೆದು ಬಡಿಯುತ್ತಿತ್ತು. ಇವರ ಊಟಕ್ಕೆ ಬೆಂಕಿ ಬೀಳ! ಊಟವೂ ಮುಗಿಯಿತು, ಮೇಲೆ ಐಸ್‌ಕ್ರೀಮೂ ಆಯಿತು. ಆಶ್ರಿತಾಳನ್ನು ಬಡಿಸಲು ನಿಲ್ಲಿಸಿದ್ದರು. ಚೆನ್ನಾಗಿ ಉತ್ತರ ಹೇಳಿದ ಹುಡುಗಿ ಎಂದು.

ಕಣ್ಣು ಬಿಟ್ಟಾಗ ತೋಳಿನಲ್ಲಿ ಗ್ಲೂಕೋಸು ಇಳಿಯುತ್ತಿತ್ತು. ಕಾಲಬುಡದಲ್ಲಿ ಆಶ್ರಿತಾ ಕುಸಿದು ಕುಳಿತಿದ್ದಳು. "ಅಮ್ಮ, ತಿಂದಿಲ್ಲ ಅಂತ ಯಾಕೆ ಹೇಳ್ಲಿಲ್ಲ? ಯಾಕಮ್ಮ?" ವಿನೋದಾ ಮಗಳ ತಲೆ ಸವರಲು ಬಲಗೈ ಎತ್ತಿದಳು. ಕೈ ಏಳಲಿಲ್ಲ. ಎಷ್ಟು ಎತ್ತಿದರೂ ಏಳಲಿಲ್ಲ. ಮಾತು ಬಾಯೊಳಗೆ ಅಂಟಿಕೊಂಡಿತು.

ಆಮೇಲೆ ನಡೆದದ್ದು ಇನ್ನೂ ಚೆಂದ. ಹಾಸಿಗೆ ಸುತ್ತಿ ಇಡುವವರು ಬಂದರು. ಬಸ್ಸು ನಿಂತಿದೆ, ಏಳಿ ಏಳಿ ಎಂದರು. ವಿನೋದಾಳನ್ನು ಗಾಲಿ ಕುರ್ಚಿಯಲ್ಲಿ ಅಂಗಳಕ್ಕೆ ತಂದರು. ಕನ್ನಡಕದವರು ಕಾರು ಹತ್ತುತ್ತಿದ್ದರು. ಆಶ್ರಿತಾ ಓಡಿಹೋಗಿ ಕಿಟಕಿ ಹಿಡಿದಳು. "ಸರ್, ಅವರು ಗಿರಿಜಾ ಅಲ್ಲ, ನನ್ನ ಅಮ್ಮ. ಇಲ್ಲಿ ರೋಗಿಗಳೇ ಇಲ್ಲ ಸರ್!"

ಅವರು ಹುಡುಗಿಯ ಮುಖವನ್ನು ಒಂದು ಗಳಿಗೆ ನೋಡಿದರು. ಅಚ್ಚರಿ ಪಡಲಿಲ್ಲ. "ನಿನ್ ಬಗ್ಗೆ ಒಳ್ಳೇದೇ ಬರೆದಿದ್ದೀನಮ್ಮ, ಹಾಳು ಮಾಡ್ಕೋಬೇಡ" ಅಂದರು. ಗಾಜು ಮೇಲೇರಿತು. ಕಾರು ಹೋಯಿತು.

ಹೆಂಗಸರು ಬಸ್ಸು ಹತ್ತಲಿಲ್ಲ. ಮೊದಲು ಐರಿನ್ ಬಾಯಿ ಮೆಟ್ಟಿಲ ಮೇಲೆ ಕುಳಿತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. "ಇವಳನ್ನು ಮಣಿಪಾಲದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ನಿಮ್ಮ ಖರ್ಚಿನಲ್ಲಿ. ಅಲ್ಲಿವರೆಗೆ ನಾವು ಏಳುದಿಲ್ಲ" ಎಂದಳು ಐರಿನ್ ಬಾಯಿ.

ದೇವದಾಸ ಸಿಟ್ಟು ಮಾಡಲಿಲ್ಲ. ಅವನ ಹಾಗಿನವರು ಸಿಟ್ಟು ಮಾಡುವುದಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತ. "ಯಾರನ್ನು? ವಿನೋದಾ ಅಂತ ಯಾರೂ ಇಲ್ಲಿ ದಾಖಲಾಗಲೇ ಇಲ್ವಲ್ಲ. ಸುಳ್ಳು ಹೆಸರು ಹೇಳಿದ್ದು ಯಾರು? ಇವರೇ. ತಿಂದಿದ್ದೇನೆ ಅಂತ ಸುಳ್ಳು ಹೇಳಿದ್ದು ಯಾರು? ಇವರೇ. ರೋಗಿಯೇ ಸುಳ್ಳು ಹೇಳಿದ್ರೆ ಆಸ್ಪತ್ರೆ ಎಂತ ಮಾಡುದು ಹೇಳಿ?"

"ಹೇಳಿಸಿದ್ದು ನೀವಲ್ವಾ!" ಐರಿನ್ ಬಾಯಿ ಚೀರಿದಳು.

"ಇರ್ಲಿ. ಮಣಿಪಾಲಕ್ಕೆ ಹೋಗಿ. ಅಲ್ಲಿ ಮೊದಲು ಕೇಳುದು, ಇಂಜೆಕ್ಷನ್ ಕೊಟ್ಟದ್ದು ಯಾರು ಅಂತ. ಆಮೇಲೆ ಪೊಲೀಸ್ ಬರ್ತಾರೆ. ಯಾರ ಹೆಸರು ಹೇಳ್ತೀರಿ?" ಆಶ್ರಿತಾಳ ಕಡೆ ನೋಡಿದ. "ನಾನಂತೂ ಕೊಟ್ಟಿಲ್ಲ. ನಳಿನಾಕ್ಷಿ ಮೇಡಮ್ಮೂ ಕೊಟ್ಟಿಲ್ಲ."

ನಳಿನಾಕ್ಷಿ ಮೇಡಂ ನೆಲ ನೋಡುತ್ತಾ ನಿಂತಿದ್ದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಕೊನೆಗೆ ಒಬ್ಬಳು ಎದ್ದಳು, ಕಾಪುವಿನ ಮೀನಿನವಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು ಅದೇ ಕಾಲೇಜಿನಲ್ಲಿ. ತಲೆ ತಗ್ಗಿಸಿ ಬಸ್ಸು ಹತ್ತಿದಳು. ಆಮೇಲೆ ಇನ್ನೊಬ್ಬಳು. ಅವರನ್ನು ಬೈಯುವುದು ಸುಲಭ. ಬೈಯುವವರು ಒಮ್ಮೆ ಅವರ ಜಾಗದಲ್ಲಿ ಕುಳಿತು ನೋಡಬೇಕು. ಐರಿನ್ ಬಾಯಿ ಎಲ್ಲರಿಗಿಂತ ಕೊನೆಗೆ ಎದ್ದಳು, ವಿನೋದಾಳನ್ನು ಎತ್ತಿ ಸೀಟಿನಲ್ಲಿ ಕೂರಿಸಲು. ಆಶ್ರಿತಾ ಯಾರ ಅಪ್ಪಣೆಯನ್ನೂ ಕೇಳದೆ ತಾಯಿಯ ಪಕ್ಕ ಹತ್ತಿ ಕುಳಿತಳು.

ಶಿರ್ವದ ಪೇಟೆಯಲ್ಲಿ ಡ್ರೈವರು ಬಸ್ಸು ನಿಲ್ಲಿಸಿದ. ಅವನೂ ಮನುಷ್ಯನೇ, ಕನ್ನಡಿಯಲ್ಲಿ ಎಲ್ಲ ನೋಡುತ್ತಿದ್ದ. ತಿರುಗಿ ಕುಳಿತ. "ಅಕ್ಕ, ನನಗೆ ಹೇಳಿದ್ದು ಉಚ್ಚಿಲಕ್ಕೆ ಬಿಡ್ಲಿಕ್ಕೆ. ಮಣಿಪಾಲಕ್ಕೆ ಹೋಗುದಾದ್ರೆ ಇಲ್ಲಿಂದ ಬೇರೆ ದಾರಿ. ನನ್ನ ಕೆಲಸ ಹೋದ್ರೆ ಹೋಗ್ಲಿ. ಈಗಲೇ ಹೇಳ್ಬೇಕು."

"ಮಣಿಪಾಲಕ್ಕೆ ಬಿಡಿ!" ಐರಿನ್ ಬಾಯಿ ಹೇಳಿದಳು. ಹಿಂದಿನ ಸೀಟಿನ ಮೀನಿನವಳೂ ಎದ್ದು ನಿಂತಳು. "ಹೌದು, ಬಿಡಿ. ಆದದ್ದಾಗ್ಲಿ, ನಾವೆಲ್ಲ ಬರ್ತೇವೆ, ಸಾಕ್ಷಿ ಹೇಳ್ತೇವೆ." ಒಂದೊಂದೇ ದನಿ ಸೇರಿತು. ಬಸ್ಸಿನ ತುಂಬ ಹೆಂಗಸರ ದನಿ.

"ಅಣ್ಣ, ಮಣಿಪಾಲಕ್ಕೆ" ಎಂದಳು ಆಶ್ರಿತಾ. "ಇಂಜೆಕ್ಷನ್ ಕೊಟ್ಟದ್ದು ನಾನು. ನಾನೇ ಹೇಳ್ತೇನೆ. ಪೊಲೀಸ್ ಬಂದ್ರೆ ಬರ್ಲಿ. ಎಲ್ಲ ಹೇಳ್ತೇನೆ, ಆ ಪೆಟ್ಟಿಗೆ, ಆ ಮಂಚ, ಆ..."

ವಿನೋದಾ ತಲೆ ಅಲ್ಲಾಡಿಸಿದಳು. "ಮ... ಮನೆಗೆ" ಅಂದಳು.

"ಇಲ್ಲ ಅಮ್ಮ, ನಾನು ಹೇಳಿಯೇ ಹೇಳ್ತೇನೆ!"

ವಿನೋದಾ ಎಡಗೈ ಎತ್ತಿ ಮಗಳ ಬಾಯಿಯನ್ನು ಒತ್ತಿ ಮುಚ್ಚಿದಳು. ಹುಡುಗಿ ಕೊಸರಾಡಿದಳು, ತಾಯಿ ಬಿಡಲಿಲ್ಲ. ಅದನ್ನು ನೋಡಿ ಡ್ರೈವರು ಬಸ್ಸನ್ನು ಉಚ್ಚಿಲದ ಕಡೆ ತಿರುಗಿಸಿದ. ಅಷ್ಟು ದೂರವೂ ಅವಳು ಆ ಕೈ ತೆಗೆಯಲಿಲ್ಲ. ಅವಳ ಮೈಯಲ್ಲಿ ಬಲ ಅಂತ ಉಳಿದದ್ದು ಆ ಒಂದು ಕೈಯಲ್ಲಿ ಮಾತ್ರ.